ವಿಮಾನದಾಳಿಯ ಅಂದಾಜು: "ಮಾಡಬಲ್ಲರು" ಬೇರೆ, "ಮಾಡಿಯಾರು" ಬೇರೆ – ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಮೇ ತಿಂಗಳು, ಭಾರತ-ಪಾಕಿಸ್ತಾನದ ನಡುವೆ ಸಂಘರ್ಷ ನಡೆದಿದ್ದ ಹೊತ್ತು. ಒಂದು ರಾತ್ರಿ, ಹತ್ತೂವರೆ ಆಗಿತ್ತು, ತುಂಗಭದ್ರಾ ಡ್ಯಾಂ ಪಕ್ಕದ ಮುನಿರಾಬಾದಿನಿಂದ ದೊಡ್ಡಮ್ಮನ ಫೋನ್ ಬಂತು. "ತಮ್ಮಾ, ಡ್ಯಾಂ ಮ್ಯಾಲೆ ಬಾಂಬ್ ಹಾಕ್ತಾರಂತಲ್ಲೋ, ಖರೇ ಏನು? ಮೊಬೈಲ್‌ದಾಗ ಬಂದೈತಿ." ಮರುದಿನ ಹೋಗಿ ನೋಡಿದರೆ ಬಾಗಿಲ ಪಕ್ಕ ಎರಡು ಬಟ್ಟೆ ಗಂಟು, ಒಂದು ಡಬ್ಬಿ ತುಂಬ ಕಟಕ್ ರೊಟ್ಟಿ, ಹೊಲದ ಪಹಣಿ ಇಟ್ಟ ಪ್ಲಾಸ್ಟಿಕ್ ಚೀಲ. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

ನಾನು ಕೊಪ್ಪಳದಲ್ಲಿ ಪ್ರೌಢಶಾಲೆ ಮೇಷ್ಟ್ರು. ಶತ್ರು ವಿಮಾನ ಬರುತ್ತದೋ ಇಲ್ಲವೋ ಅಂತ ಯುದ್ಧಕಾಲದಲ್ಲಿ ಸರ್ಕಾರಗಳು ಹೇಗೆ ಲೆಕ್ಕ ಹಾಕುತ್ತವೆ, ಎಲ್ಲಿ ಎಡವುತ್ತವೆ ಅನ್ನುವುದನ್ನು ಬಹಳ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಆ ರಾತ್ರಿಯಿಂದ ಈಚೆಗೆ ಮನೆಯವರು, ಹಳೆ ವಿದ್ಯಾರ್ಥಿಗಳು, ಬಳ್ಳಾರಿ ಮತ್ತು ರಾಯಚೂರಿನ ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ದಾಳಿಯ ಅಂದಾಜು ಅಂದರೆ ಭವಿಷ್ಯ ಹೇಳುವುದಾ?

ಅಲ್ಲ. ಗುಪ್ತಚರ ಇಲಾಖೆಯವರು ಮುಖ್ಯವಾಗಿ ಎರಡು ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಒಂದು, ಶತ್ರುವಿನ ಕೈಲಿ ಇದು ಆಗುತ್ತದಾ? ಎಷ್ಟು ವಿಮಾನ ಇವೆ, ಎಷ್ಟು ದೂರ ಹಾರುತ್ತವೆ, ಎಷ್ಟು ಬಾಂಬ್ ಹೊರುತ್ತವೆ, ವಾಪಸ್ ಹೋಗಲು ಇಂಧನ ಸಾಕಾಗುತ್ತದಾ. ಎರಡು, ಅವನಿಗೆ ಇದು ಬೇಕಾ? ಈಗ, ಇಲ್ಲಿ, ಇಷ್ಟು ನಷ್ಟ ತಡೆದುಕೊಂಡು ಮಾಡುವ ಮನಸ್ಸು ಇದೆಯಾ.

ನಮ್ಮ ಕನ್ನಡದಲ್ಲಿ ಇದಕ್ಕೆ ಎಷ್ಟು ಚೆನ್ನಾಗಿ ಮಾತಿದೆ ನೋಡಿ. ಮೊದಲನೆಯದು "ಮಾಡಬಲ್ಲರು". ಎರಡನೆಯದು "ಮಾಡಿಯಾರು". ಶಾಲೆಯಲ್ಲಿ ಸಂಭಾವನಾರ್ಥಕ ಅಂತ ಓದಿದ್ದು ನೆನಪಿದೆ ಅಲ್ವಾ, ಅದೇ. ಆದರೆ ದಿನಾ ಮಾತಾಡುವಾಗ ನಾವು ಎರಡಕ್ಕೂ "ಮಾಡಬಹುದು" ಅಂತ ಒಂದೇ ಪದ ಬಳಸುತ್ತೇವೆ. "ಶತ್ರು ಡ್ಯಾಂ ಮೇಲೆ ದಾಳಿ ಮಾಡಬಹುದು" ಅಂದರೆ ಅವನಿಗೆ ಶಕ್ತಿ ಇದೆ ಅಂತಲಾ, ಮಾಡುವ ಸಂಭವ ಇದೆ ಅಂತಲಾ? ಹೇಳಿದವನ ಮನಸ್ಸಲ್ಲಿ ಒಂದು ಇರುತ್ತೆ, ಕೇಳಿದವಳ ಕಿವಿಗೆ ಇನ್ನೊಂದು ಬೀಳುತ್ತೆ. ದೊಡ್ಡಮ್ಮ ರೊಟ್ಟಿ ಕಟ್ಟಿಕೊಂಡು ಕೂತದ್ದು ಈ ಒಂದು "ಬಹುದು"ಗೆ.

ಇದು ನಮ್ಮ ಮನೆಯ ಗೋಳು ಮಾತ್ರ ಅಲ್ಲ. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಯುಗೊಸ್ಲಾವಿಯದ ಮೇಲೆ ದಾಳಿ ಆಗುವ "ಗಂಭೀರ ಸಾಧ್ಯತೆ" ಇದೆ ಅಂತ ವರದಿ ಬರೆಯಿತು. ಆ ತಂಡದಲ್ಲಿದ್ದ ಶರ್ಮನ್ ಕೆಂಟ್ ಆಮೇಲೆ ಜೊತೆಯವರನ್ನು ಕೂರಿಸಿ, ಈ ಮಾತಿಗೆ ನಿಮ್ಮ ಲೆಕ್ಕದಲ್ಲಿ ಶೇಕಡ ಎಷ್ಟು ಅಂತ ಕೇಳಿದರು. ಒಬ್ಬರು 20 ಅಂದರು, ಇನ್ನೊಬ್ಬರು 80 ಅಂದರು. ಎಲ್ಲರೂ ಅದೇ ವರದಿಗೆ ಒಪ್ಪಿ ಸಹಿ ಹಾಕಿದವರು!

ಶತ್ರುವಿನ ಹತ್ತಿರ ಎಷ್ಟು ವಿಮಾನ ಇವೆ ಅಂತ ಹೊರಗೆ ಕೂತವರಿಗೆ ಹೇಗೆ ಗೊತ್ತಾಗುತ್ತದೆ?

ದಾರಿ ಹಲವು. ಆಕಾಶದಿಂದ ತೆಗೆದ ಫೋಟೊ, ಕದ್ದು ಕೇಳಿದ ರೇಡಿಯೊ ಮಾತು, ಸೆರೆಸಿಕ್ಕ ಪೈಲಟ್‌ಗಳ ವಿಚಾರಣೆ, ಬಿದ್ದ ವಿಮಾನದ ಅವಶೇಷ, ಶತ್ರು ದೇಶದ ಪತ್ರಿಕೆ. ಒಂದನ್ನೇ ನಂಬಿದರೆ ಕೆಟ್ಟಿರಿ.

ಫೋಟೊ ವಿಷಯ ನನಗೆ ತುಂಬಾ ಇಷ್ಟ. 1943ರ ಕೊನೆಗೆ ಬ್ರಿಟನ್ನಿನ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಮಹಿಳೆ ಜರ್ಮನಿಯ ಪೀನೆಮುಂಡೆಯ ಫೋಟೊಗಳನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಇಳಿಜಾರಿನಂಥ ಒಂದು ಕಟ್ಟಡದ ಮೇಲೆ ಸಣ್ಣ ಶಿಲುಬೆ ಹಾಗೆ ಒಂದು ಗುರುತು ಕಂಡಿತು. ಅದು ಹಾರಲು ಸಿದ್ಧವಾಗಿ ನಿಂತಿದ್ದ ವಿ-1, ಅಂದರೆ ಪೈಲಟ್ ಇಲ್ಲದೆ ತಾನೇ ಹಾರಿಹೋಗಿ ಬೀಳುವ ಬಾಂಬು. ಅದು ಲಂಡನ್ ಮೇಲೆ ಮೊದಲು ಬಿದ್ದದ್ದು 1944ರ ಜೂನ್ 13ಕ್ಕೆ. ಅಷ್ಟರೊಳಗೆ ಫ್ರಾನ್ಸಿನಲ್ಲಿ ಅದನ್ನು ಹಾರಿಸಲು ಕಟ್ಟಿದ್ದ ಎಷ್ಟೋ ಜಾಗಗಳನ್ನು ಹುಡುಕಿ ಹೊಡೆಯಲು ತಿಂಗಳುಗಟ್ಟಲೆ ಸಮಯ ಸಿಕ್ಕಿತ್ತು.

ಇನ್ನೊಂದು ದಾರಿ, ನಂಬರ್ ಓದುವುದು. ಸಂಡೂರು ಕಡೆಯಿಂದ ಅದಿರು ತುಂಬಿಕೊಂಡು ಬರುವ ಲಾರಿಗಳನ್ನು ನೆನಪಿಸಿಕೊಳ್ಳಿ. ಒಬ್ಬ ಮಾಲೀಕ ತನ್ನ ಲಾರಿಗಳ ಗಾಜಿನ ಮೇಲೆ 1, 2, 3 ಅಂತ ಸಾಲಾಗಿ ನಂಬರ್ ಬರೆಸಿದ್ದಾನೆ ಅಂತಿಟ್ಟುಕೊಳ್ಳಿ. ನೀವು ರಸ್ತೆ ಬದಿ ಚಹಾ ಕುಡಿಯುತ್ತಾ ಐದು ಲಾರಿ ನೋಡಿದಿರಿ: 14, 60, 37, 8, 45. ಒಟ್ಟು ಎಷ್ಟು ಲಾರಿ ಇರಬೇಕು? ಎಲ್ಲಕ್ಕಿಂತ ದೊಡ್ಡ ನಂಬರ್ 60. ಅದನ್ನು ನೋಡಿದ ಲಾರಿಗಳ ಸಂಖ್ಯೆ 5ರಿಂದ ಭಾಗಿಸಿದರೆ 12. ಕೂಡಿಸಿ ಒಂದು ಕಳೆಯಿರಿ, 71. ಸುಮಾರು 70 ಲಾರಿ ಅನ್ನಬಹುದು. ಎರಡನೇ ಮಹಾಯುದ್ಧದಲ್ಲಿ ಸಿಕ್ಕಿಬಿದ್ದ ಜರ್ಮನ್ ಟ್ಯಾಂಕುಗಳ ಬಿಡಿಭಾಗದ ನಂಬರ್ ಓದಿ ಹೀಗೇ ಲೆಕ್ಕ ಹಾಕಿದರು. 1942ರ ಆಗಸ್ಟ್ ತಿಂಗಳಿಗೆ ಗುಪ್ತಚರರ ಬಾಯಿಮಾತಿನ ಅಂದಾಜು 1,550 ಟ್ಯಾಂಕ್, ನಂಬರ್ ಲೆಕ್ಕ 327. ಯುದ್ಧ ಮುಗಿದ ಮೇಲೆ ಜರ್ಮನರ ಕಡತ ತೆರೆದು ನೋಡಿದರೆ 342!

ವಿಮಾನದ ಲೆಕ್ಕದಲ್ಲೂ ಇಂಥದೇ ಎಡವಟ್ಟು ಆಗಿತ್ತು. 1940ರಲ್ಲಿ ಬ್ರಿಟಿಷರು ಜರ್ಮನ್ ಬಾಂಬರ್ ತುಕಡಿಯಲ್ಲಿ 12 ವಿಮಾನ ಇರುತ್ತವೆ ಅಂತ ಹಿಡಿದು ಗುಣಿಸುತ್ತಿದ್ದರು. ಸಂಕೇತ ಒಡೆದು ಓದಿದ ಸಂದೇಶಗಳಲ್ಲಿ ಅದು 9 ಅಂತ ಕಂಡಿತು. ಒಂದು ತುಕಡಿಗೆ ಮೂರು ಹೆಚ್ಚು ಹಿಡಿದರೆ ಇಡೀ ವಾಯುಪಡೆಗೆ ಎಷ್ಟಾಗುತ್ತೆ ಲೆಕ್ಕ ಹಾಕಿ. ಇಲಾಖೆಗಳ ನಡುವೆ ಜಗಳ ಬಗೆಹರಿಯದೆ ಚರ್ಚಿಲ್ 1940ರ ಡಿಸೆಂಬರ್‌ನಲ್ಲಿ ಸಿಂಗಲ್‌ಟನ್ ಎಂಬ ನ್ಯಾಯಾಧೀಶರನ್ನು ಕರೆದು, ಎರಡೂ ಕಡೆ ವಾದ ಕೇಳಿ ಹೇಳಿ ಅಂದರು. ಜರ್ಮನಿಯ ಬಲ 4 ಆದರೆ ಬ್ರಿಟನ್ನಿನದು 3 ಅಂತ ಅವರು ಹೆಚ್ಚುಕಡಿಮೆ ತೀರ್ಮಾನ ಕೊಟ್ಟರು. ಅದುವರೆಗೆ ಜನ ಹೆದರಿದ್ದಕ್ಕಿಂತ ಅದು ಎಷ್ಟೋ ಕಡಿಮೆ ಅಂತರ.

ಅಂದಾಜು ತಪ್ಪಿದರೆ ಏನಾಗುತ್ತದೆ? ಜಾಸ್ತಿ ಹೇಳಿದರೆ ಒಳ್ಳೆಯದೇ ಅಲ್ವಾ, ಎಚ್ಚರ ಇರುತ್ತೆ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಓದುತ್ತಾ ಹೋದ ಮೇಲೆ ಮನಸ್ಸು ಬದಲಾಯಿತು.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮೇಲೆ ಬಿದ್ದದ್ದು ಸುಮಾರು 300 ಟನ್ ಬಾಂಬ್, ಸತ್ತವರು ಸುಮಾರು 1,400 ಜನ. ಆದರೆ 1917ರ ಜೂನ್ 13ರಂದು ಹಾಡುಹಗಲೇ ಲಂಡನ್ ಮೇಲೆ ನಡೆದ ಒಂದೇ ದಾಳಿಯಲ್ಲಿ 162 ಜನ ಸತ್ತರು. ಮುಂದಿನ ಯುದ್ಧದ ಲೆಕ್ಕ ಹಾಕಲು ಕೂತವರು ಇಂಥ ಕೆಟ್ಟ ದಿನಗಳನ್ನೇ ಅಳತೆಗೋಲು ಮಾಡಿಕೊಂಡರು. ಟನ್ನಿಗೆ 50 ಜನ ಸಾವುನೋವು ಅಂತ ಹಿಡಿದರು. 1930ರ ದಶಕದಲ್ಲಿ ಜರ್ಮನಿಯ ವಿಮಾನಗಳನ್ನು ಇದಕ್ಕೆ ಗುಣಿಸಿದಾಗ ಬಂದ ಉತ್ತರ: 60 ದಿನದಲ್ಲಿ 6 ಲಕ್ಷ ಸಾವು, 12 ಲಕ್ಷ ಗಾಯಾಳುಗಳು. ಇಡೀ ಯುದ್ಧದಲ್ಲಿ, ಆರು ವರ್ಷದಲ್ಲಿ, ಬ್ರಿಟನ್ನಿನಲ್ಲಿ ಬಾಂಬಿಗೆ ಸತ್ತ ನಾಗರಿಕರು ಸುಮಾರು 60,000. ಒಂದೊಂದು ಜೀವವೂ ಜೀವವೇ. ಆದರೂ ಹತ್ತು ಪಟ್ಟು ವ್ಯತ್ಯಾಸ.

ಆ ಹೆದರಿಕೆಯಿಂದ ಕೆಲವು ಒಳ್ಳೆಯದೂ ಆಯಿತು. 1939ರ ಸೆಪ್ಟೆಂಬರ್‌ನಲ್ಲಿ ಸುಮಾರು 15 ಲಕ್ಷ ಮಕ್ಕಳು, ತಾಯಂದಿರನ್ನು ಹಳ್ಳಿಗಳಿಗೆ ಕಳಿಸಿದರು. ಬರುವ ವಿಮಾನವನ್ನು ದೂರದಿಂದಲೇ ಪತ್ತೆ ಹಚ್ಚುವ ರಾಡಾರ್ ಸಾಲು ಕಟ್ಟಿದರು. ಆದರೆ 1938ರಲ್ಲಿ ಹಿಟ್ಲರ್ ಎದುರು ಬ್ರಿಟನ್ ಬಗ್ಗಿದ್ದಕ್ಕೆ ಇದ್ದ ಕಾರಣಗಳಲ್ಲಿ ಈ ಲೆಕ್ಕವೂ ಒಂದು. ಆಗ ಜರ್ಮನಿಯ ವಿಮಾನಗಳು ತಮ್ಮ ನೆಲದಿಂದ ಹಾರಿ ಲಂಡನ್ನನ್ನು ಅಷ್ಟು ಜೋರಾಗಿ ಹೊಡೆಯುವ ಸ್ಥಿತಿಯಲ್ಲೇ ಇರಲಿಲ್ಲ. ಅಂದರೆ "ಮಾಡಬಲ್ಲರು" ಅನ್ನುವುದೇ ಪೂರ್ತಿ ನಿಜ ಇರಲಿಲ್ಲ, ಅಷ್ಟರಲ್ಲಿ ಎಲ್ಲರೂ "ಮಾಡಿಯೇ ಮಾಡುತ್ತಾರೆ" ಅಂತ ನಂಬಿಬಿಟ್ಟಿದ್ದರು.

ಜರ್ಮನಿಯವರ ಅಂದಾಜು ಸರಿ ಇತ್ತಾ?

ಅವರದು ಉಲ್ಟಾ ತಪ್ಪು. ಅವರ ವಾಯುಪಡೆಯ ಗುಪ್ತಚರ ಮುಖ್ಯಸ್ಥ ಬೆಪ್ಪೊ ಶ್ಮಿಡ್ 1940ರ ಜುಲೈನಲ್ಲಿ ಬ್ರಿಟನ್ ಬಗ್ಗೆ ಕೊಟ್ಟ ವರದಿಯಲ್ಲಿ ರಾಡಾರ್ ಮಾತೇ ಇರಲಿಲ್ಲ. ಬ್ರಿಟನ್ನಿನ ಕಾರ್ಖಾನೆಗಳು ತಿಂಗಳಿಗೆ ಎಷ್ಟು ಫೈಟರ್ ವಿಮಾನ ಮಾಡುತ್ತವೆ ಅನ್ನುವುದನ್ನೂ ತೀರಾ ಕಡಿಮೆ ಹಿಡಿದಿದ್ದರು. ಸೆಪ್ಟೆಂಬರ್ ಹೊತ್ತಿಗೆ, ಬ್ರಿಟಿಷರ ಹತ್ತಿರ ಇನ್ನು ಬೆರಳೆಣಿಕೆಯ ವಿಮಾನ ಉಳಿದಿವೆ ಅಂತ ತಮ್ಮ ಪೈಲಟ್‌ಗಳಿಗೆ ಹೇಳಿ ಕಳಿಸಿದರು. ಸೆಪ್ಟೆಂಬರ್ 15ರಂದು ಲಂಡನ್ ಮೇಲೆ ಹೋದವರ ಎದುರಿಗೆ ಗುಂಪು ಗುಂಪಾಗಿ ಫೈಟರ್‌ಗಳು ಬಂದವು. ನಾಯಕನಿಗೆ ಬೇಕಾದ ಉತ್ತರ ಬರೆದುಕೊಟ್ಟ ಗುಪ್ತಚರರಿಂದ ಆದ ಅನಾಹುತ ಇದು ಅಂತ ನನ್ನ ಅಭಿಪ್ರಾಯ.

ಅದೇ ದಿನ ಬ್ರಿಟಿಷರು 185 ಜರ್ಮನ್ ವಿಮಾನ ಹೊಡೆದುರುಳಿಸಿದೆವು ಅಂತ ಸಾರಿದರು. ನಿಜದಲ್ಲಿ ಬಿದ್ದದ್ದು ಸುಮಾರು 60. ಸುಳ್ಳು ಹೇಳಿದರು ಅಂತಲ್ಲ. ಒಂದೇ ವಿಮಾನಕ್ಕೆ ಮೂವರು ಗುಂಡು ಹೊಡೆದಿರುತ್ತಾರೆ, ಹೊಗೆ ನೋಡಿ ಮೂವರೂ "ನಾನು ಕೆಡವಿದೆ" ಅಂತ ಬರೆಸುತ್ತಾರೆ. ಗವಿಮಠದ ಜಾತ್ರೆಯಲ್ಲಿ ನಾಲ್ಕು ಬಾಗಿಲಲ್ಲಿ ನಾಲ್ವರು ನಿಂತು ಜನ ಎಣಿಸಿದರೆ, ಒಳಗೆ ಹೊರಗೆ ಓಡಾಡುವ ಒಬ್ಬ ಹುಡುಗನೇ ನಾಲ್ಕು ಸಲ ಲೆಕ್ಕಕ್ಕೆ ಬರುತ್ತಾನಲ್ಲ, ಹಾಗೆ.

ನಮ್ಮ ಕಡೆಗೆ ಎಂದಾದರೂ ಇಂಥ ಭಯ ಬಂದಿತ್ತಾ?

ಬಂದಿತ್ತು. 1942ರ ಏಪ್ರಿಲ್. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು ಕೊಪ್ಪಳ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಿಂಗಾಪುರ ಬಿದ್ದಿತ್ತು, ರಂಗೂನ್ ಬಿದ್ದಿತ್ತು. ಏಪ್ರಿಲ್ 5ರಂದು, ಈಸ್ಟರ್ ಭಾನುವಾರ, ಜಪಾನಿನ 5 ವಿಮಾನವಾಹಕ ಹಡಗುಗಳಿಂದ ಹಾರಿದ ನೂರಕ್ಕೂ ಹೆಚ್ಚು ವಿಮಾನಗಳು ಕೊಲಂಬೊ ಮೇಲೆ ಬಾಂಬ್ ಹಾಕಿದವು. ಮರುದಿನ ಬೇರೊಂದು ತುಕಡಿಯ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡ ಮೇಲೆ. 9ಕ್ಕೆ ತ್ರಿಂಕೋಮಲಿ. ಬಂಗಾಳಕೊಲ್ಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರಕು ಹಡಗು ಮುಳುಗಿದವು.

ಜಪಾನಿನ ದೊಡ್ಡ ನೌಕಾಪಡೆ ಮದ್ರಾಸಿನ ಕಡೆಗೆ ಬರಬಹುದು ಅಂತ ವರದಿ ಬಂತು. ನೋಡಿ, ಮತ್ತೆ ಅದೇ "ಬಹುದು". ಸರ್ಕಾರ ಊಟಿಗೆ ಹೊರಟಿತು, ಹೈಕೋರ್ಟ್ ಕೊಯಮತ್ತೂರಿಗೆ, ಬೇರೆ ಕಚೇರಿಗಳು ಒಳನಾಡಿನ ಊರುಗಳಿಗೆ. ಜನ ಸಿಕ್ಕ ರೈಲು, ಎತ್ತಿನಗಾಡಿ ಹಿಡಿದು ಊರು ಬಿಟ್ಟರು. ಬಾಂಬ್ ಬಿದ್ದು ಬೋನು ಒಡೆದರೆ ಪ್ರಾಣಿಗಳು ಬೀದಿಗೆ ಬರುತ್ತವೆ ಅಂತ ಮದ್ರಾಸ್ ಮೃಗಾಲಯದ ಹುಲಿ, ಸಿಂಹಗಳನ್ನು ಗುಂಡಿಟ್ಟು ಕೊಂದರು. ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಸುಮ್ಮನಾಗಿಬಿಡುತ್ತಾರೆ. ನನಗೂ ಗಂಟಲು ಕಟ್ಟುತ್ತೆ.

ಜಪಾನಿನ ನೌಕಾಪಡೆ ಮದ್ರಾಸಿಗೆ ಬರಲಿಲ್ಲ. ಅದು ಈ ಕಡೆಯ ಸಮುದ್ರಕ್ಕೆ ಬಂದದ್ದು ಬ್ರಿಟಿಷ್ ನೌಕಾಪಡೆಯನ್ನು ಹೊಡೆದು ಹಿಂದೆ ಸರಿಯಲು, ದೇಶ ಹಿಡಿಯಲು ಅಲ್ಲ. ಏಪ್ರಿಲ್ ಮುಗಿಯುವುದರೊಳಗೆ ವಾಪಸ್ ಹೋಯಿತು. ಕೊಲಂಬೊ ಮೇಲೆ ಬಂದ 5 ಹಡಗುಗಳಲ್ಲಿ 3 ಹಡಗು ಎರಡೇ ತಿಂಗಳಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ಹತ್ತಿರ ಮುಳುಗಿದವು. ಮದ್ರಾಸಿಗೆ ಬಾಂಬ್ ಬಿದ್ದದ್ದು 1943ರ ಅಕ್ಟೋಬರ್‌ನಲ್ಲಿ, ಒಂಟಿ ವಿಮಾನದಿಂದ.

ಆಗಿನ ಅಧಿಕಾರಿಗಳನ್ನು ಸುಮ್ನೆ ಬೈಯುವುದು ಸುಲಭ. ಅವರ ಕಣ್ಣೆದುರು ವಿಶಾಖಪಟ್ಟಣ ಉರಿದಿತ್ತು. ಜಪಾನಿಗೆ ಶಕ್ತಿ ಇತ್ತು, ಅದು ಸುಳ್ಳಲ್ಲ. ಮನಸ್ಸು ಏನು ಅನ್ನುವುದರ ಲೆಕ್ಕ ಯಾರ ಹತ್ತಿರವೂ ಸರಿಯಾಗಿ ಇರಲಿಲ್ಲ. ನನ್ನ ಸಿಟ್ಟು ಬೇರೆ ವಿಷಯಕ್ಕೆ. ಜನರಿಗೆ ಯಾರೂ ಸರಿಯಾಗಿ ಏನನ್ನೂ ಹೇಳಲಿಲ್ಲ. ದೊಡ್ಡವರ ಕಚೇರಿಗಳು ಗಂಟು ಕಟ್ಟುವುದನ್ನು ನೋಡಿ ಜನ ತಾವೇ ಅರ್ಥ ಮಾಡಿಕೊಂಡರು. ಭಯ ಹಬ್ಬಿದ್ದು ಹಾಗೆ.

ಕೊಲಂಬೊಗೆ ಮೊದಲೇ ಸುದ್ದಿ ಗೊತ್ತಿತ್ತು ಅಂತಾರಲ್ಲ?

ಗೊತ್ತಿತ್ತು. ಅದೂ ಎರಡು ಸಲ. ಸಂಕೇತ ಒಡೆಯುವವರು ಏಪ್ರಿಲ್ 1ರ ಸುಮಾರಿಗೆ ದಾಳಿ ಆಗುತ್ತದೆ ಅಂತ ಹೇಳಿದ್ದರು. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಸಾಮರ್‌ವಿಲ್ ತಮ್ಮ ಹಡಗುಗಳನ್ನು ತೆಗೆದುಕೊಂಡು ಹೋಗಿ ಕಾದರು. ಯಾರೂ ಬರಲಿಲ್ಲ. ನೀರು, ಇಂಧನ ತುಂಬಿಸಲು ಮಾಲ್ಡೀವ್ಸ್ ಕಡೆಯ ಅಡ್ಡು ದ್ವೀಪಕ್ಕೆ ವಾಪಸಾದರು. ವರದಿ ಸರಿ ಇತ್ತು, ದಿನಾಂಕ ಮಾತ್ರ ನಾಲ್ಕು ದಿನ ತಪ್ಪಿತ್ತು.

ಏಪ್ರಿಲ್ 4ರ ಸಂಜೆ ಮುಂದೆ, ಲಿಯೊನಾರ್ಡ್ ಬರ್ಚಲ್ ಎಂಬ ಕೆನಡಾದ ಪೈಲಟ್ ಕೆಟಲೀನಾ ವಿಮಾನದಲ್ಲಿ ಸಿಲೋನಿನ ದಕ್ಷಿಣಕ್ಕೆ ಗಸ್ತು ತಿರುಗುತ್ತಿದ್ದಾಗ ದೂರದಲ್ಲಿ ಚುಕ್ಕೆಗಳು ಕಂಡವು. ಇನ್ನೂ ಹತ್ತಿರ ಹೋದರು. ಹಡಗುಗಳನ್ನು ಎಣಿಸಿ ರೇಡಿಯೊದಲ್ಲಿ ಸಂದೇಶ ಕಳಿಸುತ್ತಿರುವಾಗಲೇ ಜಪಾನಿ ಫೈಟರ್‌ಗಳು ಅವರ ವಿಮಾನ ಹೊಡೆದು ಕೆಡವಿದವು. ಬದುಕುಳಿದು, ಯುದ್ಧ ಮುಗಿಯುವ ತನಕ ಸೆರೆಯಲ್ಲಿದ್ದರು. ಅವರ ಸಂದೇಶದಿಂದ ಕೊಲಂಬೊ ಬಂದರಿನ ಎಷ್ಟೋ ಹಡಗುಗಳು ರಾತ್ರಿಯೇ ಹೊರಬಿದ್ದು ಉಳಿದವು.

ಇಷ್ಟೆಲ್ಲ ಆದರೂ ಬೆಳಿಗ್ಗೆ ಜಪಾನಿ ವಿಮಾನಗಳು ತಲೆ ಮೇಲೆ ಬಂದಾಗ ಕೊಲಂಬೊ ಪಕ್ಕದ ರತ್ಮಲಾನ ವಿಮಾನ ನೆಲೆಯ ಹರಿಕೇನ್ ಫೈಟರ್‌ಗಳು ಇನ್ನೂ ನೆಲದ ಮೇಲೇ ಇದ್ದವು. ಬರುತ್ತಾರೆ ಅಂತ ಗೊತ್ತಿರುವುದು ಬೇರೆ, ಎಷ್ಟು ಗಂಟೆಗೆ ಬರುತ್ತಾರೆ ಅಂತ ಪೈಲಟ್ ಕಿವಿಗೆ ತಲುಪುವುದು ಬೇರೆ. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್‌ನಲ್ಲೂ ಹೀಗೇ. 1941ರ ಡಿಸೆಂಬರ್ 7ರ ಬೆಳಿಗ್ಗೆ 7 ಗಂಟೆಗೆ ಒಪಾನಾ ರಾಡಾರ್‌ನಲ್ಲಿ ಜಪಾನಿ ವಿಮಾನಗಳ ದೊಡ್ಡ ಗುಂಪು ಕಂಡಿತ್ತು. ನಮ್ಮದೇ ಬಾಂಬರ್‌ಗಳು ಬರುತ್ತಿರಬೇಕು, ಚಿಂತೆ ಬೇಡ ಅಂತ ಅಮೆರಿಕದ ಅಧಿಕಾರಿ ಅಂದುಬಿಟ್ಟರು.

ಚರ್ಚಿಲ್ ಗೊತ್ತಿದ್ದೂ ಕೋವೆಂಟ್ರಿ ನಗರವನ್ನು ಸುಡಲು ಬಿಟ್ಟರಂತೆ, ನಿಜಾನಾ?

ದಾಖಲೆಗಳು ಹಾಗೆ ಹೇಳುವುದಿಲ್ಲ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ 568 ಜನ ಸತ್ತರು. ಹುಣ್ಣಿಮೆ ಆಸುಪಾಸಿನಲ್ಲಿ ದೊಡ್ಡ ದಾಳಿ ಇದೆ, ಅದರ ಗುಪ್ತ ಹೆಸರು "ಮೂನ್‌ಲೈಟ್ ಸೊನಾಟಾ" ಅಂತ ಮೊದಲೇ ಗೊತ್ತಾಗಿತ್ತು. ಯಾವ ಊರು ಅನ್ನುವುದು ಮಾತ್ರ ಸಮಯಕ್ಕೆ ಸರಿಯಾಗಿ ಸಿಗಲಿಲ್ಲ. ಚರ್ಚಿಲ್ ಲಂಡನ್ ಅಂತಲೇ ನಂಬಿ, ಹೊರಗೆ ಹೊರಟಿದ್ದವರು ವಾಪಸ್ ಲಂಡನ್ನಿಗೆ ಬಂದರು. ಆಮೇಲೆ ಎಲ್ಲ ಗೊತ್ತಾದವರಿಗೆ, ಆಗ ಗೊತ್ತಿಲ್ಲದವರು ಯಾವಾಗಲೂ ಕಳ್ಳರ ಹಾಗೆ ಕಾಣುತ್ತಾರೆ.

ನಿಜಾಮನ ಕಾಲದಲ್ಲಿ ರಾಯಚೂರು, ಕೊಪ್ಪಳಕ್ಕೆ ವಿಮಾನದ ಭಯ ಇರಲಿಲ್ಲವಾ?

1948ರಲ್ಲಿ ಇತ್ತು, ಎರಡೂ ಕಡೆ. ಇದರಲ್ಲಿ ಒಬ್ಬ ಮನುಷ್ಯನ ಕಥೆ ಹೇಳಲೇಬೇಕು. ಸಿಡ್ನಿ ಕಾಟನ್, ಆಸ್ಟ್ರೇಲಿಯದವನು. 1939ರಲ್ಲಿ ವ್ಯಾಪಾರಿಯ ವೇಷದಲ್ಲಿ ಲಾಕ್‌ಹೀಡ್ ವಿಮಾನ ಹಾರಿಸಿಕೊಂಡು ಜರ್ಮನಿ ಮೇಲೆ ಹೋಗಿ, ಹೊಟ್ಟೆಯಲ್ಲಿ ಬಚ್ಚಿಟ್ಟ ಕ್ಯಾಮೆರಾದಿಂದ ಫೋಟೊ ತೆಗೆದವನು. ಬ್ರಿಟನ್ನಿನ ವಿಮಾನ ಫೋಟೊ ಗುಪ್ತಚರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ. ಅದೇ ಕಾಟನ್ 1948ರಲ್ಲಿ ಕರಾಚಿಯಿಂದ ರಾತ್ರಿ ಹಾರಿ, ನಿಜಾಮನಿಗೆ ಬಂದೂಕು, ಮದ್ದುಗುಂಡು ತಂದು ಬೀದರ್, ವರಂಗಲ್ ಕಡೆ ಇಳಿಸುತ್ತಿದ್ದ!

ರಾತ್ರಿ ವಿಮಾನದ ಸದ್ದು ಕೇಳಿದ ಜನ ಏನು ಅಂದುಕೊಳ್ಳಬೇಕು? ನಿಜಾಮನ ವಿಮಾನಗಳು ಭಾರತದ ನಗರಗಳ ಮೇಲೆ ಬಾಂಬ್ ಹಾಕುತ್ತವೆ ಅಂತ ಮಾತು ಓಡಾಡಿತು. ವಿಮಾನ ಬರುತ್ತಿದ್ದದ್ದು ಖರೇ, ಆದರೆ ಅವು ಸಾಮಾನು ಹೊರುವ ವಿಮಾನ. ಯುದ್ಧ ಮಾಡುವ ವಾಯುಪಡೆ ನಿಜಾಮನಿಗೆ ಇರಲೇ ಇಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. ನಮ್ಮ ಹೊಸಪೇಟೆ ಕಡೆಯಿಂದಲೂ ಬಂತು, ತುಂಗಭದ್ರೆಯ ಸೇತುವೆಗಾಗಿ ಕಾದಾಟವೂ ನಡೆಯಿತು. ಆಕಾಶದಲ್ಲಿ ಇದ್ದದ್ದು ಭಾರತದ ಟೆಂಪೆಸ್ಟ್ ವಿಮಾನಗಳು ಮಾತ್ರ. 17ಕ್ಕೆ ಎಲ್ಲ ಮುಗಿಯಿತು. ಆ ದಿನವನ್ನೇ ಈಗ ಕಲ್ಯಾಣ ಕರ್ನಾಟಕ ಉತ್ಸವ ಅಂತ ಆಚರಿಸುತ್ತೇವೆ.

ಭಾರತ ಸರಿಯಾಗಿ ಅಂದಾಜು ಮಾಡಿ ಉಳಿದುಕೊಂಡ ಉದಾಹರಣೆ ಇದೆಯಾ?

1971. ಅದಕ್ಕೂ ಮೊದಲು 1965ರ ಸೆಪ್ಟೆಂಬರ್ 6ರಂದು ಪಠಾಣ್‌ಕೋಟ್‌ನಲ್ಲಿ ಬಯಲಲ್ಲಿ ನಿಂತಿದ್ದ ನಮ್ಮ ವಿಮಾನಗಳನ್ನು ಪಾಕಿಸ್ತಾನ ನೆಲದ ಮೇಲೇ ಸುಟ್ಟಿತ್ತು. ಆ ಪೆಟ್ಟಿನಿಂದ ಕಲಿತು ಕಾಂಕ್ರೀಟ್ ಗೂಡು ಕಟ್ಟಿದರು, ವಿಮಾನಗಳನ್ನು ಬೇರೆ ಬೇರೆ ಕಡೆ ಹಂಚಿ ಇಟ್ಟರು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಪಠಾಣ್‌ಕೋಟ್, ಅಮೃತಸರ, ಶ್ರೀನಗರ, ಆಗ್ರಾ ಹೀಗೆ ಹಲವು ವಿಮಾನ ನೆಲೆ ಹೊಡೆಯಿತು. ನಷ್ಟ ಬಹಳ ಕಡಿಮೆ. ತಾಜ್ ಮಹಲ್‌ಗೂ ಬಟ್ಟೆ ಹೊದಿಸಿದ್ದರು, ಬೆಳದಿಂಗಳಲ್ಲಿ ಹೊಳೆದು ದಾರಿ ತೋರಿಸದಿರಲಿ ಅಂತ.

ಮನಸ್ಸು ಓದಲು ಆಗದಿದ್ದರೂ ಪರವಾಗಿಲ್ಲ, ಶಕ್ತಿ ನೋಡಿ ತಯಾರಿ ಮಾಡಿಕೊಂಡರು. ಇದು ನನಗೆ ಬುದ್ಧಿವಂತಿಕೆ ಅನ್ನಿಸುತ್ತೆ.

2025ರ ಅಣಕು ಕಾರ್ಯಾಚರಣೆ ಪಟ್ಟಿಯಲ್ಲಿ ರಾಯಚೂರಿನ ಹೆಸರು ಏಕೆ ಬಂತು? ನಮ್ಮ ಮೇಲೆ ಕಣ್ಣಿದೆ ಅಂತಲಾ?

ಆ ಮೇ ತಿಂಗಳಲ್ಲಿ ರಾಯಚೂರಿನಿಂದ ಬಂದ ಫೋನ್‌ಗಳೆಲ್ಲ ಇದೇ ಪ್ರಶ್ನೆ. ಆಗ ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಭ್ಯಾಸ ಮಾಡಲು ಕೇಂದ್ರ ಹೇಳಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಕಾರವಾರದ ಜೊತೆ ರಾಯಚೂರೂ ಇತ್ತು. ಶಕ್ತಿನಗರದ ಆರ್‌ಟಿಪಿಎಸ್ ಕಲ್ಲಿದ್ದಲಿನಿಂದ 1,720 ಮೆಗಾವಾಟ್ ವಿದ್ಯುತ್ ಕೊಡುವ ಸ್ಥಾವರ. ಕಾರವಾರದ ಹತ್ತಿರ ಕೈಗಾ ಅಣು ಸ್ಥಾವರ ಇದೆ, ನೌಕಾನೆಲೆ ಇದೆ. ಇಂಥ ಪಟ್ಟಿ ಮಾಡುವಾಗ ಮೂರನೆಯದೊಂದು ಪ್ರಶ್ನೆ ಕೇಳುತ್ತಾರೆ: ಈ ಜಾಗಕ್ಕೆ ಪೆಟ್ಟು ಬಿದ್ದರೆ ನಮಗೆ ಎಷ್ಟು ನಷ್ಟ? ಅದು ನಮ್ಮ ಕಡೆಯ ಲೆಕ್ಕ. ಶತ್ರುವಿನ ಮನಸ್ಸಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಮನೆಯಲ್ಲಿ ಬಂಗಾರ ಇದೆ ಅಂತ ತಿಜೋರಿಗೆ ಬೀಗ ಹಾಕುತ್ತೇವೆ. ಬೀಗ ಹಾಕಿದ ಮಾತ್ರಕ್ಕೆ ಕಳ್ಳ ಹೊರಟಿದ್ದಾನೆ ಅಂತ ಅರ್ಥ ಅಲ್ಲ.

ಕರಾಚಿಯಿಂದ ಬಳ್ಳಾರಿಗೆ ನೇರ ಗೆರೆ ಎಳೆದರೆ ಸುಮಾರು 1,500 ಕಿಲೋಮೀಟರ್. ವಿಮಾನ ಅಷ್ಟು ಒಳಗೆ ಬಂದು ವಾಪಸ್ ಹೋಗುವುದು ಸಣ್ಣ ಮಾತಲ್ಲ. ಆದರೆ ಈಗ ಕ್ಷಿಪಣಿಗಳ ಕಾಲ, ದೂರವೊಂದೇ ಕಾಪಾಡುತ್ತದೆ ಅಂತ ನಾನು ಹೇಳುವುದಿಲ್ಲ. ಅದಕ್ಕೇ ಅಭ್ಯಾಸ ಬೇಕು. ಅಣು ಸ್ಥಾವರಗಳ ವಿಷಯದಲ್ಲಿ 1988ರ ಡಿಸೆಂಬರ್ 31ರ ಒಪ್ಪಂದ ಇದೆ. ಭಾರತ, ಪಾಕಿಸ್ತಾನ ಪ್ರತಿ ಜನವರಿ 1ಕ್ಕೆ ತಮ್ಮ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ, ಅವುಗಳ ಮೇಲೆ ದಾಳಿ ಮಾಡುವಂತಿಲ್ಲ. ಅಣೆಕಟ್ಟು, ಕಲ್ಲಿದ್ದಲು ಸ್ಥಾವರ ಅದರಲ್ಲಿ ಸೇರಿಲ್ಲ.

ಹಾಗಾದರೆ ನಮ್ಮ ತುಂಗಭದ್ರಾ ಡ್ಯಾಂ?

ದೊಡ್ಡಮ್ಮನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಆಕೆಯ ಕೈ ಹಿಡಿದು ಕಾಲುವೆ ಏರಿ ಮೇಲೆ ಕರೆದುಕೊಂಡು ಹೋಗಿ, ಡ್ಯಾಂ ತೋರಿಸುತ್ತಾ ಹೇಳಿದ್ದು.

ಅಣೆಕಟ್ಟಿಗೆ ಬಾಂಬ್ ಹಾಕಿದ್ದು ಇತಿಹಾಸದಲ್ಲಿ ಇದೆ. 1943ರ ಮೇ 16ರ ರಾತ್ರಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ, ಎಡರ್ ಅಣೆಕಟ್ಟು ಒಡೆದವು. 1,300ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಎಷ್ಟೋ ಮಂದಿ ಬಲವಂತದ ದುಡಿಮೆಗೆ ತಂದಿದ್ದ ಬಡವರು. ಅದಕ್ಕೆ ನೀರಿನ ಮೇಲೆ ಪುಟಿಯುವ ವಿಶೇಷ ಬಾಂಬ್ ಮಾಡಿದ್ದರು, ಪೈಲಟ್‌ಗಳು ವಾರಗಟ್ಟಲೆ ರಿಹರ್ಸಲ್ ಮಾಡಿದ್ದರು, ಬೆಳದಿಂಗಳು ಬೇಕಿತ್ತು. ಎಲ್ಲಕ್ಕಿಂತ ಮುಖ್ಯ, ಡ್ಯಾಂ ತುಂಬಿರಬೇಕಿತ್ತು. ಅಲ್ಲಿ ಹಿಮ ಕರಗಿ ಮೇನಲ್ಲಿ ತುಂಬುತ್ತದೆ. ಅದಕ್ಕೇ ಮೇ ಆರಿಸಿದರು.

ನಮ್ಮ ಡ್ಯಾಂ ಮೇನಲ್ಲಿ ಹೇಗಿರುತ್ತದೆ? "ತಳ ಕಾಣತೈತಿ, ದನ ಮೇಯ್ತಾವ" ಅಂದರು ದೊಡ್ಡಮ್ಮ ತಾವೇ. ಹೌದು. ನಮ್ಮದು ತುಂಬುವುದು ಮಳೆಗಾಲದಲ್ಲಿ. ಸುರ್ಕಿ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಅದು. ಬೇಸಿಗೆಯಲ್ಲಿ ಅದನ್ನು ಒಡೆದು ಯಾರಿಗೆ ಏನು ಸಿಗಬೇಕು?

ಆಕೆ ಸ್ವಲ್ಪ ಹೊತ್ತು ನೋಡಿ, "ಹಂಗಾದ್ರ ಹೋದ ವರ್ಷ ಗೇಟ್ ಕಿತ್ಕೊಂಡು ಹೋತಲ್ಲ, ಅದಕ್ಕ ಯಾರೂ ಬಾಂಬ್ ಹಾಕಿರ್ಲಿಲ್ಲ" ಅಂದರು. 2024ರ ಆಗಸ್ಟ್ 10ರ ರಾತ್ರಿ, ತುಂಬಿದ ಡ್ಯಾಂನಲ್ಲಿ, 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋದದ್ದು. ನಾನು ಓದಿದ ಎಷ್ಟೋ ವರದಿಗಳಿಗಿಂತ ಆಕೆಯ ಅಂದಾಜು ನೇರವಾಗಿತ್ತು.

ಸೈರನ್ ಕೇಳಿದರೆ ಏನು ಅರ್ಥ?

ಏರುತ್ತಾ ಇಳಿಯುತ್ತಾ ಕೂಗಿದರೆ ಅಪಾಯ, ಒಳಗೆ ಹೋಗಿ, ದೀಪ ಆರಿಸಿ, ಕಿಟಕಿಯಿಂದ ದೂರ ಕೂರಿ. ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು.

ಮೊಬೈಲ್‌ನಲ್ಲಿ ಬರುವ ಎಚ್ಚರಿಕೆಯನ್ನು ನಂಬುವುದಾ ಬಿಡುವುದಾ?

ಗುಪ್ತಚರರು ಪ್ರತಿ ಸುದ್ದಿಗೂ ಎರಡು ಗುರುತು ಹಾಕುತ್ತಾರೆ. ಹೇಳಿದವನು ಎಷ್ಟು ನಂಬಿಗಸ್ತ ಅನ್ನುವುದಕ್ಕೆ ಎ ಇಂದ ಎಫ್ ತನಕ ಒಂದು ಅಕ್ಷರ, ಸುದ್ದಿ ಎಷ್ಟು ನಿಜ ಇರಬೇಕು ಅನ್ನುವುದಕ್ಕೆ 1ರಿಂದ 6ರ ತನಕ ಒಂದು ಅಂಕಿ. ಎರಡೂ ಬೇರೆ ಬೇರೆ. ಒಳ್ಳೆಯ ಮನುಷ್ಯನೂ ತಪ್ಪು ಸುದ್ದಿ ತರುತ್ತಾನೆ. ನಿಮ್ಮ ಅಳಿಯ ಒಳ್ಳೆಯವನು ಅಂತ ಅವನು ಕಳಿಸಿದ ಮೆಸೇಜ್ ಒಳ್ಳೆಯದಾಗುವುದಿಲ್ಲ, ಅವನಿಗೂ ಯಾರೋ ಕಳಿಸಿರುತ್ತಾರೆ.

ನಮಗೆ ಇನ್ನೂ ಸುಲಭದ ಗುರುತು ಇದೆ, "ಅಂತೆ". "ಬಾಂಬ್ ಹಾಕ್ತಾರಂತೆ" ಅಂದಾಗ, ನಾನು ನೋಡಿಲ್ಲ, ಯಾರೋ ಅಂದರು ಅಂತ ಭಾಷೆಯೇ ಒಪ್ಪಿಕೊಳ್ಳುತ್ತದೆ. ತೊಂದರೆ ಎಲ್ಲಿ ಅಂದರೆ, ಮೂರು ಮನೆ ದಾಟುವಷ್ಟರಲ್ಲಿ "ಅಂತೆ" ಉದುರಿಹೋಗಿ "ಹಾಕ್ತಾರೆ" ಉಳಿಯುತ್ತದೆ. ಮೆಸೇಜ್ ಬಂದರೆ ಅದನ್ನು ಮತ್ತೆ ಸೇರಿಸಿ ಓದಿ. ಆಮೇಲೆ ಕೇಳಿ: ಯಾರು ಕಂಡರು, ಯಾವಾಗ ಕಂಡರು, ಮಾಡಬಲ್ಲರಾ, ಮಾಡಿಯಾರಾ. ಜಿಲ್ಲಾಡಳಿತದ ಪ್ರಕಟಣೆ ಬರುವ ತನಕ ಮುಂದೆ ಕಳಿಸಬೇಡಿ.

ನಮ್ಮ ಮನೆಯ ಹಿರಿಯರು 1942, 1948ರ ಕಥೆ ಹೇಳುತ್ತಾರೆ. ಬರೆದಿಡಬೇಕಾ?

ದಯವಿಟ್ಟು ಬರೆದಿಡಿ, ಇವತ್ತೇ. ಅವರಿಗೆ ಈಗ ತೊಂಬತ್ತರ ಮೇಲೆ ವಯಸ್ಸು. ಯಾವ ಊರು, ಯಾವ ಹಂಗಾಮು, ಜೋಳ ಕೊಯ್ದಿತ್ತಾ ಇಲ್ಲವಾ ಅಂತ ಕೇಳಿ, ಹಾಗೆ ಕೇಳಿದರೆ ತಿಂಗಳು ಸಿಗುತ್ತೆ. ವಿಮಾನ ಕಂಡರಾ, ಬರೀ ಸದ್ದು ಕೇಳಿದರಾ? ಕಂದೀಲು ಆರಿಸಿ ಅಂತ ಮನೆಗೆ ಬಂದು ಹೇಳಿದವರು ಯಾರು, ಗೌಡರಾ, ಪೊಲೀಸರಾ, ಪಕ್ಕದ ಮನೆಯವರಾ? ಮೊಬೈಲ್‌ನಲ್ಲಿ ಧ್ವನಿ ಹಿಡಿದಿಡಿ, ತಿದ್ದಬೇಡಿ. ಒಂದು ಹಾಳೆಯ ಮಧ್ಯೆ ಗೆರೆ ಎಳೆದು, ಅವರು "ಕಂಡೆ" ಅಂದದ್ದನ್ನು ಎಡಕ್ಕೂ "ಅಂತೆ" ಅಂದದ್ದನ್ನು ಬಲಕ್ಕೂ ಬರೆಯಿರಿ.